ಅಂಗಡಿಗೆ ಬರುವ ಮುಂಚೆ: ವಿದ್ಯುತ್ ಉಪಕರಣಗಳ ಸುರಕ್ಷತಾ ಪರೀಕ್ಷೆ ಮತ್ತು ಪರವಾನಗಿ

ಇಸ್ತ್ರಿಪೆಟ್ಟಿಗೆ, ಗೀಸರ್, ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್, ಮೊಬೈಲ್ ಚಾರ್ಜರ್ ಇಂಥ ವಸ್ತುಗಳನ್ನು ತಯಾರಿಸಿದವರು ಅವುಗಳನ್ನು ನೇರವಾಗಿ ಮಾರುಕಟ್ಟೆಗೆ ಇಳಿಸುವಂತಿಲ್ಲ. ಬಳಸುವವರ ಜೀವಕ್ಕೆ, ಮನೆಗೆ ಅವುಗಳಿಂದ ಅಪಾಯವಿಲ್ಲ ಎಂದು ಮೊದಲು ತೋರಿಸಿಕೊಡಬೇಕು. ಹಾಗೆ ತೋರಿಸಿದವರಿಗೆ ಭಾರತದಲ್ಲಿ ಪರವಾನಗಿ ಕೊಡುವುದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್. ಅಂಗಡಿಯಲ್ಲಿ ಜನ ಹುಡುಕುವ ಐಎಸ್‌ಐ ಮಾರ್ಕು ಈ ಪರವಾನಗಿಯ ಹೊರಗುರುತು. ಗುರುತು ಚಿಕ್ಕದು, ಅದರ ಹಿಂದಿನ ಕೆಲಸ ದೊಡ್ಡದು. ಪ್ರಯೋಗಾಲಯದಲ್ಲಿ ಉಪಕರಣವನ್ನು ಬೇಕೆಂದೇ ಕೆಡಿಸಿ ನೋಡುತ್ತಾರೆ, ಕಾರ್ಖಾನೆಗೆ ಅಧಿಕಾರಿಗಳು ಹೋಗುತ್ತಾರೆ, ಪರವಾನಗಿ ಸಿಕ್ಕ ಮೇಲೂ ಅಂಗಡಿಯಿಂದ ಮಾದರಿ ಕೊಂಡು ಮತ್ತೆ ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಯಾಕೆ ಬೇಕು ಎಂಬುದಕ್ಕೆ ಉತ್ತರ ಮನುಷ್ಯನ ಮೈಯಲ್ಲೇ ಇದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್. ಮೈಯಲ್ಲಿ ಒಂದು ಮಿಲಿಆಂಪಿಯರ್‌ನಷ್ಟು ಕರೆಂಟು ಹರಿದರೆ ಜುಮ್ಮೆನ್ನುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. 30 ಮಿಲಿಆಂಪಿಯರ್ ಮೀರಿದ ಕರೆಂಟು ಸ್ವಲ್ಪ ಹೊತ್ತು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ಲಯ ತಪ್ಪಬಹುದು. 60 ವ್ಯಾಟಿನ ಹಳೆಯ ಕಾಲದ ಬಲ್ಬು ಎಳೆಯುವ ಕರೆಂಟು ಸುಮಾರು 260 ಮಿಲಿಆಂಪಿಯರ್. ಅದರ ಎಂಟನೇ ಒಂದು ಪಾಲು ಜೀವ ತೆಗೆಯಲು ಸಾಕು. ಮನೆಯ ಫ್ಯೂಸು ಅಥವಾ ಎಂಸಿಬಿ ಕಾಪಾಡುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಆದರೆ ಅವು ಹಲವು ಆಂಪಿಯರ್ ಹರಿದಾಗ ಮಾತ್ರ ಕಡಿದುಕೊಳ್ಳುತ್ತವೆ. ಮನುಷ್ಯನ ಮೈಯಲ್ಲಿ ಹರಿಯುವ ಅಲ್ಪ ಕರೆಂಟು ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ಸ್ಪರ್ಶದಿಂದ ಸಾಯುವವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಹರಿದುಬಿದ್ದ ಲೈನು, ಹೊಲದ ಪಂಪು, ಕಟ್ಟಡದ ಕೆಲಸ ಎಲ್ಲ ಇದರಲ್ಲಿ ಸೇರಿವೆ. ಮನೆಯೊಳಗಿನ ಕಳಪೆ ಉಪಕರಣಗಳೂ ಸೇರಿವೆ.

ಹಾಗಾಗಿ ಉಪಕರಣವೇ ತನ್ನೊಳಗೆ ರಕ್ಷಣೆ ಇಟ್ಟುಕೊಂಡಿರಬೇಕು. ಅದೂ ಒಂದಲ್ಲ, ಎರಡು. ಒಂದು ಸೋತರೆ ಇನ್ನೊಂದು ಕೈಹಿಡಿಯಬೇಕು ಎಂಬುದೇ ಸುರಕ್ಷತಾ ಮಾನಕಗಳ ತಳಹದಿ. ಇದನ್ನು ಸಾಧಿಸುವ ಬಗೆಯನ್ನು ನೋಡಿ ಉಪಕರಣಗಳನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಒಂದನೇ ವರ್ಗದವು ಲೋಹದ ಹೊರಮೈಯ ಇಸ್ತ್ರಿಪೆಟ್ಟಿಗೆ, ಗೀಸರ್‌ಗಳಂಥವು. ಇವುಗಳಲ್ಲಿ ತಂತಿಯ ಮೇಲಿನ ಇನ್ಸುಲೇಷನ್ ಮೊದಲ ರಕ್ಷಣೆ, ಹೊರಮೈಗೆ ಜೋಡಿಸಿದ ಅರ್ಥ್ ತಂತಿ ಎರಡನೆಯದು. ಕೆರೆ ತುಂಬಿದಾಗ ಏರಿ ಒಡೆಯದಂತೆ ನೀರನ್ನು ಕೋಡಿ ಬೇರೆ ದಾರಿಯಲ್ಲಿ ಸಾಗಿಸುವ ಹಾಗೆ, ಇನ್ಸುಲೇಷನ್ ಕೆಟ್ಟು ಲೋಹಕ್ಕೆ ಹರಿದ ಕರೆಂಟನ್ನು ಅರ್ಥ್ ತಂತಿ ನೆಲಕ್ಕೆ ಒಯ್ಯುತ್ತದೆ. ಆ ದಾರಿಯಲ್ಲಿ ಭಾರಿ ಕರೆಂಟು ಹರಿಯುವುದರಿಂದ ಆಗ ಫ್ಯೂಸೂ ಕಡಿದುಕೊಳ್ಳುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ಪ್ಲಗ್ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅರ್ಥ್ ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬುದು ಅದರ ಉದ್ದೇಶ.

ಎರಡನೇ ವರ್ಗದ ಉಪಕರಣಗಳಿಗೆ ಅರ್ಥ್ ಇರುವುದಿಲ್ಲ. ಒಂದರ ಮೇಲೊಂದು ಎರಡು ಪದರ ಇನ್ಸುಲೇಷನ್ ಇರುತ್ತದೆ, ಇಲ್ಲವೇ ಎರಡಕ್ಕೂ ಸಮನಾದ ಒಂದೇ ಗಟ್ಟಿ ಪದರ. ಪ್ಲಾಸ್ಟಿಕ್ ಮೈಯ ಹೇರ್ ಡ್ರೈಯರ್, ಕೈಯಲ್ಲಿ ಹಿಡಿಯುವ ಡ್ರಿಲ್, ಮೊಬೈಲ್ ಚಾರ್ಜರ್‌ಗಳ ಮೇಲೆ ಚೌಕದೊಳಗೊಂದು ಚೌಕದ ಚಿತ್ರ ಇರುವುದು ಇದನ್ನು ತಿಳಿಸಲಿಕ್ಕೆ. ಮೂರನೇ ವರ್ಗದವು ಮುಟ್ಟಿದರೂ ಅಪಾಯವಿಲ್ಲದಷ್ಟು ಕಡಿಮೆ ವೋಲ್ಟೇಜಿನಲ್ಲೇ ನಡೆಯುತ್ತವೆ.

ಮಾರುವ ಮುಂಚೆ ಪರೀಕ್ಷಿಸಬೇಕೆಂಬ ಒತ್ತಾಯ ಮೊದಮೊದಲು ಬಂದದ್ದು ಬೆಂಕಿ ವಿಮೆಯವರಿಂದ. 1893ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವ ಪ್ರದರ್ಶನ ವಿದ್ಯುದ್ದೀಪಗಳಿಂದ ಜಗಮಗಿಸಿತ್ತು. ಅಷ್ಟೊಂದು ತಂತಿ, ಅಷ್ಟೊಂದು ಹೊಸ ಯಂತ್ರಗಳನ್ನು ಕಂಡು ಬೆಂಕಿಯ ಭಯ ಹುಟ್ಟಿದ ವಿಮಾ ಸಂಸ್ಥೆಗಳ ಪರವಾಗಿ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಎಂಜಿನಿಯರ್ ಅಲ್ಲಿಗೆ ತಪಾಸಣೆಗೆ ಹೋದ. ಮರುವರ್ಷ ಅವನು ಆರಂಭಿಸಿದ ಪುಟ್ಟ ಪ್ರಯೋಗಾಲಯವೇ ಮುಂದೆ ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಆಯಿತು. ಯುಎಲ್ ಎಂಬ ಅದರ ಗುರುತು ಈಗಲೂ ಜಗತ್ತಿನ ಸಾವಿರಾರು ವಸ್ತುಗಳ ಮೇಲಿದೆ. 1906ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗ, ಅಂದರೆ ಐಇಸಿ ಹುಟ್ಟಿತು. ಬೇರೆಬೇರೆ ದೇಶಗಳ ಮಾನಕಗಳು ಒಂದೇ ಜಾಡಿನಲ್ಲಿ ನಡೆಯಲು ಅದು ಕಾರಣ.

ಭಾರತದಲ್ಲಿ ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು, 1947ರ ಜನವರಿಯಲ್ಲಿ, ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಕೆಲಸ ಆರಂಭಿಸಿತು. ಆ ಹೆಸರಿನ ಮೊದಲಕ್ಷರಗಳೇ ಐಎಸ್‌ಐ. 1952ರ ಕಾಯಿದೆ ಅದಕ್ಕೆ ವಸ್ತುಗಳ ಮೇಲೆ ಗುರುತು ಹಾಕಲು ಅನುಮತಿ ಕೊಡುವ ಅಧಿಕಾರ ನೀಡಿತು. 1986ರ ಕಾಯಿದೆಯಂತೆ 1987ರ ಏಪ್ರಿಲ್ 1ರಿಂದ ಆ ಸಂಸ್ಥೆಯ ಜಾಗದಲ್ಲಿ ಬಿಐಎಸ್ ಬಂತು. ಸಂಸ್ಥೆಯ ಹೆಸರು ಬದಲಾದರೂ ಜನ ನಂಬಿದ್ದ ಗುರುತನ್ನು ಬದಲಿಸಲಿಲ್ಲ. ಈಗ ಜಾರಿಯಲ್ಲಿರುವುದು 2016ರ ಬಿಐಎಸ್ ಕಾಯಿದೆ. ಅದು 2017ರ ಅಕ್ಟೋಬರ್ 12ರಿಂದ ಜಾರಿಗೆ ಬಂತು.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಸಂಗತಿಯೊಂದಿದೆ. ಬಿಐಎಸ್ ಪ್ರಕಟಿಸುವ ಮಾನಕಗಳು ತಾವಾಗಿಯೇ ಕಡ್ಡಾಯವಲ್ಲ. ಮಾನಕ ಇದೆ ಎಂದ ಮಾತ್ರಕ್ಕೆ ಎಲ್ಲ ತಯಾರಕರೂ ಅದನ್ನು ಪಾಲಿಸಲೇಬೇಕೆಂದಿಲ್ಲ. ಕೇಂದ್ರ ಸರ್ಕಾರ ಒಂದು ವಸ್ತುವನ್ನು ಹೆಸರಿಸಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದಾಗಷ್ಟೇ ಅದು ಕಡ್ಡಾಯವಾಗುತ್ತದೆ. ಆಮೇಲೆ ಗುರುತಿಲ್ಲದೆ ಅದನ್ನು ತಯಾರಿಸುವುದು, ಆಮದು ಮಾಡುವುದು, ಮಾರುವುದು, ಬಾಡಿಗೆಗೆ ಕೊಡುವುದು, ಮಾರಾಟಕ್ಕೆಂದು ಗೋದಾಮಿನಲ್ಲಿ ಇಡುವುದು ಕೂಡ ಅಪರಾಧ. ವಿದ್ಯುತ್ ಉಪಕರಣಗಳ ಮಟ್ಟಿಗೆ 2003ರ ಆದೇಶ ಮುಖ್ಯವಾದದ್ದು. ಪಿವಿಸಿ ವೈರು, ಸ್ವಿಚ್ಚು, ಎಂಸಿಬಿ, ಇಸ್ತ್ರಿಪೆಟ್ಟಿಗೆ, ಗೀಸರ್, ಹೀಟರ್ ಕಾಯಿಲ್, ವಿದ್ಯುತ್ ಒಲೆ, ರೂಮ್ ಹೀಟರ್‌ಗಳೆಲ್ಲ ಅದರ ವ್ಯಾಪ್ತಿಗೆ ಬಂದವು. ಈ ಪಟ್ಟಿ ಬೆಳೆದದ್ದು ನಿಧಾನವಾಗಿ. ಪ್ರತಿ ಮನೆಯಲ್ಲೂ ತಿರುಗುವ ಸೀಲಿಂಗ್ ಫ್ಯಾನಿಗೆ ಕಡ್ಡಾಯದ ಆದೇಶ ಬಂದದ್ದು 2023ರಲ್ಲಿ. ಒಂದೊಂದೇ ವಸ್ತುವನ್ನು ಹೆಸರಿಸುತ್ತ ಹೋದರೆ ಹೊಸ ಬಗೆಯ ಉಪಕರಣ ಮಾರುಕಟ್ಟೆಗೆ ಬಂದು ವರ್ಷಗಟ್ಟಲೆ ಕಳೆದ ಮೇಲೆ ಕಾನೂನು ಅದನ್ನು ತಲುಪುತ್ತದೆ. ಅಡುಗೆಮನೆಯ ಬಹುಪಾಲು ವಿದ್ಯುತ್ ಸಾಧನಗಳನ್ನು ಐಎಸ್ 302 ಎಂಬ ಒಂದೇ ಸುರಕ್ಷತಾ ಮಾನಕದಡಿ ಒಟ್ಟಾಗಿ ಕಡ್ಡಾಯಗೊಳಿಸುವ ಆದೇಶವನ್ನು ಸರ್ಕಾರ 2025ರಲ್ಲಿ ಹೊರಡಿಸಿತು. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಕಡ್ಡಾಯವಾದ ವಸ್ತುಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಐಎಸ್‌ಐ ಮಾರ್ಕಿನದು. ಇದರಲ್ಲಿ ವಸ್ತುವಿನ ಪರೀಕ್ಷೆಯ ಜೊತೆಗೆ ಕಾರ್ಖಾನೆಯ ತಪಾಸಣೆಯೂ ಆಗುತ್ತದೆ. ಎರಡನೆಯದು ಎಲೆಕ್ಟ್ರಾನಿಕ್ ವಸ್ತುಗಳಿಗಾಗಿ 2012ರ ಆದೇಶದಿಂದ ಬಂದ ಕಡ್ಡಾಯ ನೋಂದಣಿ. ಮೊದಲು ಲ್ಯಾಪ್‌ಟಾಪ್, ಪ್ರಿಂಟರ್, ಮೈಕ್ರೊವೇವ್ ಒಲೆ, ಸೆಟ್‌ಟಾಪ್ ಬಾಕ್ಸ್ ಸೇರಿ 15 ಬಗೆಯ ವಸ್ತುಗಳಿಗೆ ಇದು ಅನ್ವಯಿಸಿತು. ಆಮೇಲೆ ಮೊಬೈಲ್, ಅಡಾಪ್ಟರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬುಗಳು ಸೇರಿಕೊಂಡವು. ಈ ದಾರಿಯಲ್ಲಿ ಬಿಐಎಸ್ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಮತ್ತು ತಯಾರಕರ ಸ್ವಯಂ ಘೋಷಣೆಯೇ ಆಧಾರ. ನೋಂದಣಿಗೆ ಮುಂಚೆ ಕಾರ್ಖಾನೆಗೆ ಯಾರೂ ಹೋಗುವುದಿಲ್ಲ. ಮಾದರಿಗಳು ತಿಂಗಳಿಗೊಂದರಂತೆ ಬದಲಾಗುವ ಎಲೆಕ್ಟ್ರಾನಿಕ್ ವ್ಯಾಪಾರಕ್ಕೆ ಈ ವೇಗ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಪರೀಕ್ಷೆಗೆ ಕಳಿಸಿದ ಮಾದರಿಯಲ್ಲಿ ಒಳ್ಳೆಯ ಕೆಪಾಸಿಟರ್, ಮಾರಾಟದ ಮಾಲಿನಲ್ಲಿ ಅಗ್ಗದ್ದು ಹಾಕುವ ಮೋಸಕ್ಕೆ ಇಲ್ಲಿ ಹೆಚ್ಚು ಅವಕಾಶವಿದೆ. ಅದನ್ನು ಹಿಡಿಯಬೇಕಾದರೆ ಅಂಗಡಿಯಿಂದ ಮಾದರಿ ಕೊಂಡು ಪರೀಕ್ಷಿಸುವ ಕೆಲಸ ಬಿಗಿಯಾಗಿ ನಡೆಯಲೇಬೇಕು.

ಪ್ರಯೋಗಾಲಯದಲ್ಲಿ ನಡೆಯುವುದೇನು ಎಂಬುದು ಈ ಇಡೀ ವ್ಯವಸ್ಥೆಯ ತಿರುಳು. ಗೃಹೋಪಯೋಗಿ ಉಪಕರಣಗಳಿಗೆ ಆಧಾರವಾದ ಐಎಸ್ 302, ಐಇಸಿಯ 60335 ಸರಣಿಯ ಮಾನಕವನ್ನು ಅನುಸರಿಸಿದ್ದು. ಮೊದಲ ಭಾಗದಲ್ಲಿ ಎಲ್ಲ ಉಪಕರಣಗಳಿಗೂ ಸಾಮಾನ್ಯವಾದ ನಿಯಮಗಳಿವೆ. ಇಸ್ತ್ರಿಪೆಟ್ಟಿಗೆ, ಒಲೆ, ಹೀಟರ್ ಇವಕ್ಕೆ ಅವುಗಳದೇ ವಿಶೇಷ ನಿಯಮಗಳು ಬೇರೆ ಇವೆ.

ಪರೀಕ್ಷೆ ಆರಂಭವಾಗುವುದು ಉಪಕರಣದ ಮೇಲಿನ ಬರಹದಿಂದ. ವೋಲ್ಟೇಜು, ವ್ಯಾಟು, ತಯಾರಕರ ಹೆಸರು, ಮಾದರಿ ಸಂಖ್ಯೆ ಎಲ್ಲ ಇರಬೇಕು. ಸಾಲದ್ದಕ್ಕೆ ಆ ಅಕ್ಷರಗಳನ್ನು ನೀರಿನಲ್ಲಿ ಅದ್ದಿದ ಬಟ್ಟೆಯಿಂದಲೂ ಪೆಟ್ರೋಲಿಯಂ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದಲೂ ಉಜ್ಜಿ, ಅಳಿಸಿಹೋಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಮುಂದಿನದು ಪರೀಕ್ಷಾ ಬೆರಳು. 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದದ, ಮನುಷ್ಯನ ಬೆರಳಿನಂತೆ ಕೀಲುಗಳಿರುವ ಸಾಧನವಿದು. ಉಪಕರಣದ ಎಲ್ಲ ಸಂದುಗಳಲ್ಲೂ ಇದನ್ನು ತೂರಿಸಿ, ತಿರುಗಿಸಿ ನೋಡುತ್ತಾರೆ. ಕರೆಂಟಿರುವ ಭಾಗವನ್ನು ಇದು ಮುಟ್ಟಿದರೆ ಉಪಕರಣ ಅನುತ್ತೀರ್ಣ. ಬಳಸುವವರ ಬೆರಳು ಎಲ್ಲಿಗೆ ಹೋಗಬಹುದೋ ಅಲ್ಲಿಗೆಲ್ಲ ಈ ಲೋಹದ ಬೆರಳು ಮೊದಲೇ ಹೋಗಿ ಬಂದಿರಬೇಕು.

ಆಮೇಲೆ ಬಿಸಿಯ ಪರೀಕ್ಷೆ. ಕಾಯಿಸುವ ಉಪಕರಣಗಳನ್ನು ಅವುಗಳ ಮೇಲೆ ಬರೆದ ವ್ಯಾಟಿಗಿಂತ ಶೇ. 15ರಷ್ಟು ಹೆಚ್ಚು ಶಕ್ತಿಯಲ್ಲಿ ಓಡಿಸಿ, ಒಳಗೂ ಹೊರಗೂ ತೆಳ್ಳನೆಯ ತಾಪಮಾಪಕ ತಂತಿಗಳನ್ನು ಅಂಟಿಸಿ ಅಳೆಯುತ್ತಾರೆ. ಹಿಡಿಕೆ ಎಷ್ಟು ಬಿಸಿಯಾಯಿತು, ವೈರಿನ ಹೊದಿಕೆ ಎಷ್ಟು ಬಿಸಿಯಾಯಿತು, ಉಪಕರಣವನ್ನಿಟ್ಟ ಮರದ ಹಲಗೆ ಎಷ್ಟು ಬಿಸಿಯಾಯಿತು ಎಂಬ ಒಂದೊಂದಕ್ಕೂ ಮಿತಿಯಿದೆ. ಮಿತಿ ಮೀರಿ ಬಿಸಿಯಾದ ಪಿವಿಸಿ ಒಂದೇ ದಿನದಲ್ಲಿ ಕರಗುವುದಿಲ್ಲ. ತಿಂಗಳುಗಟ್ಟಲೆ ಸೆಡೆದು, ಬಿರುಕು ಬಿಟ್ಟು, ಒಂದು ದಿನ ತಾಮ್ರ ಹೊರಗೆ ಕಾಣುತ್ತದೆ. ಕೊಂಡ ದಿನ ಚೆನ್ನಾಗಿದ್ದ ಉಪಕರಣ ಎರಡನೇ ವರ್ಷ ಶಾಕ್ ಹೊಡೆಯುವುದು ಹೀಗೆ.

ಕರೆಂಟಿನ ಸೋರಿಕೆಯನ್ನು ಅಳೆಯುವುದು ಇನ್ನೂ ನಾಜೂಕಿನ ಕೆಲಸ. ಯಾವ ಇನ್ಸುಲೇಷನ್ನೂ ನೂರಕ್ಕೆ ನೂರು ತಡೆಯುವುದಿಲ್ಲ, ಅತ್ಯಲ್ಪ ಕರೆಂಟು ಸೋರುತ್ತಲೇ ಇರುತ್ತದೆ. ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಒಂದನೇ ವರ್ಗದ ಉಪಕರಣದಲ್ಲಿ ಇದು 0.75 ಮಿಲಿಆಂಪಿಯರ್ ದಾಟಬಾರದು. ಹರಿದರೂ ಮನುಷ್ಯನಿಗೆ ಗೊತ್ತಾಗುವುದೇ ಅನುಮಾನ ಎನ್ನುವಷ್ಟು ಸಣ್ಣ ಮೊತ್ತವಿದು. ಇದಾದ ಮೇಲೆ ಹೈ ವೋಲ್ಟೇಜ್ ಪರೀಕ್ಷೆ. 230 ವೋಲ್ಟಿನ ಉಪಕರಣದ ಇನ್ಸುಲೇಷನ್ನಿಗೆ ಅದರ ಬಗೆಯನ್ನು ನೋಡಿಕೊಂಡು 1,000ದಿಂದ 3,000 ವೋಲ್ಟಿನವರೆಗೆ ಒಂದು ನಿಮಿಷ ಹಾಯಿಸುತ್ತಾರೆ. ಕಿಡಿ ಹಾರಿ ಒಡೆಯಬಾರದು.

ಮಳೆಗಾಲದ ಮಲೆನಾಡನ್ನೋ ಕರಾವಳಿಯನ್ನೋ ಬಲ್ಲವರಿಗೆ ತೇವದ ಪರೀಕ್ಷೆಯ ಬೆಲೆ ಬೇಗ ಅರ್ಥವಾಗುತ್ತದೆ. ಉಪಕರಣವನ್ನು ಶೇ. 93ರಷ್ಟು ತೇವಾಂಶವಿರುವ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟು, ಹೊರತೆಗೆದು ಸೋರಿಕೆ ಮತ್ತು ಹೈ ವೋಲ್ಟೇಜ್ ಪರೀಕ್ಷೆಗಳನ್ನು ಮತ್ತೊಮ್ಮೆ ನಡೆಸುತ್ತಾರೆ. ಒಣಗಿದ್ದಾಗ ಗೆದ್ದ ಎಷ್ಟೋ ಉಪಕರಣಗಳು ಇಲ್ಲಿ ಸೋಲುತ್ತವೆ. ಹೀಟರ್ ಕಾಯಿಲ್‌ನಂತೆ ನೀರಿನೊಳಗೇ ಕೆಲಸ ಮಾಡುವ ವಸ್ತುವಿಗೆ ಇದು ಪ್ರಾಣದ ಪ್ರಶ್ನೆ. ಕಾಯಿಲಿನ ಲೋಹದ ಕೊಳವೆಯೊಳಗೆ ಬಿಸಿಯಾಗುವ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡಿನ ಪುಡಿ ತುಂಬಿರುತ್ತದೆ. ಕೊಳವೆಯ ಬಾಯಿ ಸರಿಯಾಗಿ ಮುಚ್ಚಿಲ್ಲದಿದ್ದರೆ ಆ ಪುಡಿ ತೇವ ಹೀರುತ್ತದೆ, ಇನ್ಸುಲೇಷನ್ ಕುಸಿಯುತ್ತದೆ, ಬಕೆಟ್ಟಿನ ನೀರೇ ಕರೆಂಟಿನ ದಾರಿಯಾಗುತ್ತದೆ.

ಅರ್ಥ್ ಪರೀಕ್ಷೆ ಮೇಲ್ನೋಟಕ್ಕೆ ಸರಳ. ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಉಪಕರಣದ ಲೋಹದ ಮೈವರೆಗೆ ತಂತಿ ಸೇರಿದೆಯೇ ಎಂದು ನೋಡಿದರೆ ಮುಗಿಯಿತು ಎನಿಸಬಹುದು. ಮಾನಕ ಅಷ್ಟಕ್ಕೆ ಬಿಡುವುದಿಲ್ಲ. 12 ವೋಲ್ಟು ಮೀರದ ಮೂಲದಿಂದ ಕನಿಷ್ಠ 25 ಆಂಪಿಯರ್ ಹರಿಸಿ ಉಪಕರಣದ ಅರ್ಥ್ ದಾರಿಯ ರೋಧವನ್ನು ಅಳೆಯಬೇಕು, ಅದು 0.1 ಓಮ್ ಮೀರಬಾರದು. ಸಡಿಲ ಸ್ಕ್ರೂ ಅಥವಾ ಬಣ್ಣದ ಮೇಲೇ ಕೂರಿಸಿದ ವಾಷರ್ ಸಾಧಾರಣ ಮೀಟರಿನ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳಬಹುದು. 25 ಆಂಪಿಯರ್ ಹರಿದಾಗ ತಪ್ಪಿಸಿಕೊಳ್ಳಲಾಗದು.

ವೈರನ್ನು 25 ಸಲ ಜಗ್ಗುತ್ತಾರೆ. ಒಂದು ಕಿಲೋ ಮೀರಿ ನಾಲ್ಕು ಕಿಲೋವರೆಗಿನ ಉಪಕರಣಕ್ಕೆ ಜಗ್ಗುವ ಬಲ 60 ನ್ಯೂಟನ್, ಅಂದರೆ ಸುಮಾರು ಆರು ಕಿಲೋ ತೂಕದಷ್ಟು. ಹೊರಮೈಗೆ ಸ್ಪ್ರಿಂಗ್ ಸುತ್ತಿಗೆಯಿಂದ ಹೊಡೆಯುತ್ತಾರೆ. ಒಳಗಿನ ಪ್ಲಾಸ್ಟಿಕ್ ಭಾಗಗಳಿಗೆ ಕೆಂಪಗೆ ಕಾದ ತಂತಿ ತಗುಲಿಸಿ, ಉರಿ ಹತ್ತಿದರೆ ಎಷ್ಟು ಬೇಗ ಆರುತ್ತದೆಂದು ನೋಡುತ್ತಾರೆ. ತಂತಿಯ ತಾಪ 550 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭವಾಗುತ್ತದೆ. ಕರೆಂಟು ಹರಿಯುವ ಜೋಡಣೆಗಳ ಹತ್ತಿರದ, ಯಾರೂ ನೋಡಿಕೊಳ್ಳದಿರುವಾಗಲೂ ಓಡುವ ಉಪಕರಣಗಳ ಭಾಗಗಳಿಗೆ ಇನ್ನೂ ಹೆಚ್ಚು.

ಇಲ್ಲಿಯವರೆಗಿನ ಹೆಚ್ಚಿನ ಪರೀಕ್ಷೆಗಳು ಉಪಕರಣ ಸರಿಯಿರುವಾಗಿನವು. ಮಾನಕದ ಅತಿ ಕಠಿಣ ಅಧ್ಯಾಯ ಅದು ಕೆಟ್ಟಾಗಿನದು. ಥರ್ಮೋಸ್ಟ್ಯಾಟ್ ಅಂಟಿಕೊಂಡು ಕರೆಂಟು ಕಡಿಯದಿದ್ದರೆ? ಮೋಟಾರು ಸಿಕ್ಕಿಕೊಂಡು ತಿರುಗದಿದ್ದರೆ? ನೀರಿಲ್ಲದ ಕೆಟಲ್ಲನ್ನು ಯಾರೋ ಹಚ್ಚಿಬಿಟ್ಟರೆ? ಈ ಒಂದೊಂದು ಸ್ಥಿತಿಯನ್ನೂ ಪ್ರಯೋಗಾಲಯ ಕೈಯಾರೆ ಸೃಷ್ಟಿಸುತ್ತದೆ. ಥರ್ಮೋಸ್ಟ್ಯಾಟನ್ನು ತಂತಿಯಿಂದ ಬೆಸೆದು ನಿಷ್ಕ್ರಿಯಗೊಳಿಸುತ್ತಾರೆ, ಮೋಟಾರಿನ ಅಚ್ಚನ್ನು ಬಿಗಿಹಿಡಿಯುತ್ತಾರೆ. ಆಗ ಉಪಕರಣ ಹಾಳಾದರೆ ತಪ್ಪೇನಿಲ್ಲ. ಹಾಳಾಗುವಾಗ ಉರಿ ಹೊರಗೆ ಬರಬಾರದು, ಕರಗಿದ ಲೋಹ ಸುರಿಯಬಾರದು, ಮುಟ್ಟುವ ಭಾಗಕ್ಕೆ ಕರೆಂಟು ಬರಬಾರದು. ಗೀಸರಿನಲ್ಲಿ ಥರ್ಮೋಸ್ಟ್ಯಾಟಿನ ಜೊತೆಗೆ ಬೇರೆಯದೇ ಥರ್ಮಲ್ ಕಟೌಟ್ ಇರುವುದು, ಒತ್ತಡ ಮೀರಿದರೆ ತೆರೆದುಕೊಳ್ಳುವ ವಾಲ್ವ್ ಇರುವುದು ಇದೇ ಕಾರಣಕ್ಕೆ. ಥರ್ಮೋಸ್ಟ್ಯಾಟು ಕೆಟ್ಟು ಮುಚ್ಚಿದ ತೊಟ್ಟಿಯಲ್ಲಿ ನೀರು ಕುದಿಯುತ್ತಲೇ ಹೋದರೆ ತೊಟ್ಟಿಯೇ ಸಿಡಿಯುತ್ತದೆ. ರಿಪೇರಿಗೆ ಬಂದವರು ಕಟೌಟನ್ನು ತಪ್ಪಿಸಿ ನೇರ ತಂತಿ ಕೊಟ್ಟರೆ, ವಾಲ್ವು ತೊಟ್ಟಿಕ್ಕುತ್ತದೆಂದು ಅದನ್ನು ಮುಚ್ಚಿದರೆ, ಪ್ರಯೋಗಾಲಯದಲ್ಲಿ ಗಳಿಸಿದ ರಕ್ಷಣೆ ಅಲ್ಲಿಗೆ ಮುಗಿಯಿತು.

ಇನ್ನು ಪರವಾನಗಿ ಪಡೆಯುವ ಕ್ರಮ. ಅರ್ಜಿ ಹಾಕಬೇಕಾದವರು ತಯಾರಕರೇ ಹೊರತು ವ್ಯಾಪಾರಿಯಲ್ಲ. ಪರವಾನಗಿ ಒಂದು ನಿರ್ದಿಷ್ಟ ವಿಳಾಸದ ಕಾರ್ಖಾನೆಗೆ, ಒಂದು ನಿರ್ದಿಷ್ಟ ಮಾನಕಕ್ಕೆ ಸಿಗುತ್ತದೆ. ಅದೇ ಕಂಪನಿಯ ಇನ್ನೊಂದು ಊರಿನ ಕಾರ್ಖಾನೆಗೆ ಬೇರೆಯೇ ಪರವಾನಗಿ ಬೇಕು. ಅರ್ಜಿಯನ್ನು ಬಿಐಎಸ್‌ನ ಮಾನಕ್ ಆನ್‌ಲೈನ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಬಿಐಎಸ್ ಪ್ರತಿ ವಸ್ತುವಿಗೂ ಪ್ರಾಡಕ್ಟ್ ಮ್ಯಾನ್ಯುಯಲ್ ಪ್ರಕಟಿಸಿದೆ. ಯಾವ ಮಾದರಿಗಳನ್ನು ಒಂದು ಗುಂಪಾಗಿ ಪರಿಗಣಿಸಬಹುದು, ಕಾರ್ಖಾನೆಯಲ್ಲಿ ಯಾವ ಪರೀಕ್ಷಾ ಸಾಧನಗಳು ಇರಬೇಕು, ಯಾವ ಪರೀಕ್ಷೆಯನ್ನು ಎಷ್ಟು ಮಾಲಿಗೊಮ್ಮೆ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಮೊದಲ ಸಲ ಅರ್ಜಿ ಹಾಕುವ ಸಣ್ಣ ಉದ್ದಿಮೆದಾರರು ಏಜೆಂಟರನ್ನು ಹುಡುಕುವ ಮುಂಚೆ ಇದನ್ನು ಓದಿಕೊಳ್ಳುವುದು ಒಳ್ಳೆಯದು. ಅಚ್ಚು ಹಾಕಿಸಿ, ಪೆಟ್ಟಿಗೆ ಮುದ್ರಿಸಿ ಆದಮೇಲೆ ಮಾನಕ ತೆರೆದು ನೋಡಿದರೆ, ತಂತಿಗಳ ನಡುವಿನ ಅಂತರ ಎರಡು ಮಿಲಿಮೀಟರ್ ಸಾಲದೆಂದು ಗೊತ್ತಾಗಿ ಇಡೀ ಅಚ್ಚು ಬದಲಿಸಬೇಕಾಗುತ್ತದೆ. ಸುರಕ್ಷತೆಯನ್ನು ವಿನ್ಯಾಸದಲ್ಲೇ ತಂದವರಿಗೆ ಪರೀಕ್ಷೆಯ ಖರ್ಚು ಕಡಿಮೆ.

ಅರ್ಜಿಯ ನಂತರ ಎರಡು ರೀತಿಯಲ್ಲಿ ಮುಂದುವರಿಯಬಹುದು. ಸಾಮಾನ್ಯ ವಿಧಾನದಲ್ಲಿ ಅಧಿಕಾರಿ ಕಾರ್ಖಾನೆಗೆ ಬಂದು, ತಯಾರಿಕೆಯ ಹಂತಗಳನ್ನು ನೋಡಿ, ತಮ್ಮೆದುರಿಗೇ ಕೆಲವು ಪರೀಕ್ಷೆ ಮಾಡಿಸಿ, ಮಾದರಿಯೊಂದನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸರಳ ವಿಧಾನದಲ್ಲಿ ತಯಾರಕರೇ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಿಂದ ವರದಿ ತಂದು ಅರ್ಜಿಯ ಜೊತೆ ಕೊಡುತ್ತಾರೆ, ಆಮೇಲೆ ಕಾರ್ಖಾನೆ ತಪಾಸಣೆ ಆಗುತ್ತದೆ. ಎಲ್ಲ ಸರಿಯಿದ್ದರೆ ಸರಳ ವಿಧಾನದಲ್ಲಿ ಸುಮಾರು ಒಂದು ತಿಂಗಳಲ್ಲಿ ಪರವಾನಗಿ ಸಿಗುವಂತೆ ನಿಯಮಗಳಿವೆ. ಖರ್ಚಿನಲ್ಲಿ ಅರ್ಜಿ ಶುಲ್ಕ ಅಲ್ಪ. ಪ್ರಯೋಗಾಲಯದ ಶುಲ್ಕ, ಕಾರ್ಖಾನೆಯಲ್ಲಿ ಇಡಬೇಕಾದ ಪರೀಕ್ಷಾ ಸಾಧನಗಳು, ತಯಾರಿಸಿದ ಮಾಲಿನ ಲೆಕ್ಕದಲ್ಲಿ ಕಟ್ಟುವ ಮಾರ್ಕಿಂಗ್ ಶುಲ್ಕ ಇವೇ ದೊಡ್ಡವು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಮಾರ್ಕಿಂಗ್ ಶುಲ್ಕದಲ್ಲಿ ರಿಯಾಯಿತಿ ಇದೆ.

ಕರ್ನಾಟಕದ ತಯಾರಕರಿಗೆ ಇಲ್ಲೊಂದು ಅನುಕೂಲವಿದೆ. ಬಿಐಎಸ್‌ನ ಬೆಂಗಳೂರು ಕಚೇರಿ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಅಂದರೆ ರಾಜ್ಯದ ಸಣ್ಣ ಕಾರ್ಖಾನೆಗಳ ನಡುವೆಯೇ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ ಪರೀಕ್ಷಾ ಕೇಂದ್ರವೂ ಪೀಣ್ಯದಲ್ಲಿದೆ. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐ, ಟ್ರಾನ್ಸ್‌ಫಾರ್ಮರ್, ಕೇಬಲ್, ಸ್ವಿಚ್‌ಗೇರ್‌ಗಳಂಥ ಭಾರಿ ಸಾಮಗ್ರಿಗಳ ಪರೀಕ್ಷೆಯಲ್ಲಿ ದೇಶಕ್ಕೇ ಹೆಸರಾದದ್ದು.

ಪರವಾನಗಿ ಸಿಕ್ಕ ದಿನದಿಂದ ಕಾರ್ಖಾನೆಯ ದಿನಚರಿ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಪೂರ್ತಿ ಪರೀಕ್ಷೆ ಆಗಿದ್ದು ಒಂದೆರಡು ಮಾದರಿಗಳಿಗೆ. ಗ್ರಾಹಕರ ಮನೆಗೆ ಹೋಗುವುದು ಲಕ್ಷದ ಲೆಕ್ಕದಲ್ಲಿ ತಯಾರಾದ ಬೇರೆ ಉಪಕರಣಗಳು. ಎರಡರ ನಡುವಿನ ಸೇತುವೆ ಎಂದರೆ ತಯಾರಿಕೆಯ ಸಾಲಿನ ಕೊನೆಯಲ್ಲಿ ಪ್ರತಿಯೊಂದು ಉಪಕರಣಕ್ಕೂ ಮಾಡುವ ಪರೀಕ್ಷೆ. ಅರ್ಥ್ ಸೇರಿದೆಯೇ, ಹೈ ವೋಲ್ಟೇಜ್ ತಡೆಯುತ್ತದೆಯೇ, ಸರಿಯಾಗಿ ಓಡುತ್ತದೆಯೇ ಎಂದು ಕೆಲವೇ ಸೆಕೆಂಡುಗಳಲ್ಲಿ ನೋಡಿ ದಾಖಲಿಸಬೇಕು. ಇಡೀ ವ್ಯವಸ್ಥೆಯಲ್ಲಿ ಗ್ರಾಹಕನ ಜೀವಕ್ಕೆ ಅತ್ಯಂತ ಹತ್ತಿರದ ಕೆಲಸ ಇದೇ. ತಿಂಗಳ ಕೊನೆಯಲ್ಲಿ ಆರ್ಡರು ಪೂರೈಸುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಆದ್ದರಿಂದಲೇ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಕಾರ್ಖಾನೆಗೆ ಬಂದು ದಾಖಲೆ ಪರಿಶೀಲಿಸುತ್ತಾರೆ, ಅಂಗಡಿಯಿಂದ ಮಾದರಿ ಕೊಂಡು ಪರೀಕ್ಷೆಗೆ ಕಳಿಸುತ್ತಾರೆ. ಮಾದರಿ ಸೋತರೆ ಗುರುತು ಹಾಕುವುದನ್ನು ನಿಲ್ಲಿಸುವಂತೆ ಸೂಚನೆ ಹೋಗುತ್ತದೆ. ತಿದ್ದಿಕೊಳ್ಳದಿದ್ದರೆ ಪರವಾನಗಿ ರದ್ದಾಗುತ್ತದೆ.

ವಿದೇಶದಲ್ಲಿ ತಯಾರಾಗಿ ಬರುವ ಮಾಲಿಗೂ ಇದೇ ನಿಯಮ. ಅದಕ್ಕಾಗಿ 2000ದಿಂದ ಪ್ರತ್ಯೇಕ ಯೋಜನೆಯಿದೆ. ವಿದೇಶಿ ತಯಾರಕರು ಭಾರತದಲ್ಲಿ ಒಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು, 10,000 ಅಮೆರಿಕನ್ ಡಾಲರಿನ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಬಿಐಎಸ್ ಅಧಿಕಾರಿಗಳ ಕಾರ್ಖಾನೆ ಭೇಟಿಯ ವೆಚ್ಚ ಭರಿಸಬೇಕು. ಸಿಇ ಗುರುತಿದೆ, ಅದು ಯುರೋಪಿನ ಒಪ್ಪಿಗೆ ಎಂದು ಹೇಳಿ ಮಾರುವವರು ಇದ್ದಾರೆ. ಭಾರತದಲ್ಲಿ ಐಎಸ್‌ಐ ಕಡ್ಡಾಯವಾದ ವಸ್ತುವಿಗೆ ಆ ಗುರುತು ಬದಲಿಯಾಗುವುದಿಲ್ಲ. ಸಿಇ ಎಂಬುದು ಬಹುಪಾಲು ಗೃಹೋಪಕರಣಗಳ ವಿಷಯದಲ್ಲಿ ತಯಾರಕರ ಸ್ವಂತ ಘೋಷಣೆ. 50ರಿಂದ 1,000 ವೋಲ್ಟಿನ ಎಸಿ ಉಪಕರಣಗಳಿಗೆ ಅನ್ವಯಿಸುವ ಯುರೋಪಿನ ನಿಯಮದಂತೆ ತಯಾರಕರು ಪರೀಕ್ಷೆ ಮಾಡಿಸಿ, ತಾಂತ್ರಿಕ ದಾಖಲೆಗಳನ್ನು ಹತ್ತು ವರ್ಷ ಕಾಪಾಡಿಕೊಂಡು, ತಾವೇ ಗುರುತು ಹಾಕುತ್ತಾರೆ. ಯುರೋಪಿನಲ್ಲಿ ಹಾಗೆ ನಡೆಯುವುದು ಮಾರುಕಟ್ಟೆಯ ನಿಗಾ ಮತ್ತು ತಪ್ಪಿದವರ ಮೇಲಿನ ಹೊಣೆಗಾರಿಕೆಯ ಬಲದಿಂದ.

ದೇಶದೇಶಕ್ಕೂ ದಾರಿ ಬೇರೆ. ಅಮೆರಿಕದಲ್ಲಿ ಗೃಹೋಪಕರಣಗಳಿಗೆ ಯುಎಲ್ ಗುರುತು ಬೇಕೆಂಬ, ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಇಲ್ಲ. ಆದರೆ ಸ್ಥಳೀಯ ವಿದ್ಯುತ್ ನಿಯಮಗಳು, ದೊಡ್ಡ ಅಂಗಡಿಗಳು, ವಿಮಾ ಕಂಪನಿಗಳು ಅದಿಲ್ಲದೆ ಒಪ್ಪುವುದು ಕಷ್ಟ. ಚೀನಾದಲ್ಲಿ ಸಿಸಿಸಿ ಎಂಬ ಗುರುತು ಕಡ್ಡಾಯ. ಜಪಾನಿನಲ್ಲಿ ಪಿಎಸ್‌ಇ ಗುರುತಿಗೆ ಎರಡು ಆಕಾರ: ಹೆಚ್ಚು ಅಪಾಯದ ವಸ್ತುಗಳಿಗೆ ವಜ್ರಾಕೃತಿ, ಅದಕ್ಕೆ ಹೊರಗಿನ ಸಂಸ್ಥೆಯ ಪರೀಕ್ಷೆ ಬೇಕು. ಉಳಿದವಕ್ಕೆ ವೃತ್ತ. ರಫ್ತು ಮಾಡುವವರು ಪ್ರತಿ ದೇಶಕ್ಕೂ ಮೊದಲಿನಿಂದ ಪರೀಕ್ಷೆ ಮಾಡಿಸುವ ಹೊರೆ ತಗ್ಗಿಸಲು ಐಇಸಿಯ ಸಿಬಿ ಯೋಜನೆ ಇದೆ. ಒಂದು ಸದಸ್ಯ ದೇಶದ ಪರೀಕ್ಷಾ ವರದಿಯನ್ನು ಆಧಾರವಾಗಿಟ್ಟುಕೊಂಡು, ತಮ್ಮಲ್ಲಿಯ ಪ್ಲಗ್ಗು, ವೋಲ್ಟೇಜು, ಹವೆಗೆ ಬೇಕಾದ ವ್ಯತ್ಯಾಸಗಳನ್ನಷ್ಟೇ ಬೇರೆ ದೇಶದವರು ಪರೀಕ್ಷಿಸಬಹುದು.

ಕೊಳ್ಳುವವರಿಗೆ ಈ ವ್ಯವಸ್ಥೆ ತಲುಪುವುದು ಉಪಕರಣದ ಮೇಲಿನ ಎರಡು ಸಂಖ್ಯೆಗಳ ಮೂಲಕ. ಐಎಸ್‌ಐ ಮಾರ್ಕಿನ ಮೇಲೆ ಮಾನಕದ ಸಂಖ್ಯೆ ಇರುತ್ತದೆ, ಉದಾಹರಣೆಗೆ ಇಸ್ತ್ರಿಪೆಟ್ಟಿಗೆಗೆ ಐಎಸ್ 366, ಹೀಟರ್ ಕಾಯಿಲ್‌ಗೆ ಐಎಸ್ 368. ಮಾರ್ಕಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ನೋಂದಣಿಯ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಆರ್ ಅಕ್ಷರದ ಮುಂದೆ ಎಂಟು ಅಂಕಿಗಳು. ಸಂಖ್ಯೆಯಿಲ್ಲದ ಬರಿಯ ಐಎಸ್‌ಐ ಚಿತ್ರಕ್ಕೆ ಬೆಲೆಯಿಲ್ಲ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ, ಪರವಾನಗಿ ಜಾರಿಯಲ್ಲಿದೆಯೇ ಎಂಬುದೆಲ್ಲ ಕಾಣುತ್ತದೆ. ಅಂಗಡಿಯಲ್ಲಿ ಎಚ್ಚರವಿರಬೇಕಾದ ಇನ್ನೊಂದು ಜಾಗ ವೈರು. ಎಷ್ಟೋ ಅಗ್ಗದ ಉಪಕರಣಗಳಲ್ಲಿ ಐಎಸ್‌ಐ ಮಾರ್ಕು ಇರುವುದು ವೈರಿನ ಅಥವಾ ಪ್ಲಗ್ಗಿನ ಮೇಲೆ ಮಾತ್ರ. ಅದು ಆ ವೈರಿನ, ಆ ಪ್ಲಗ್ಗಿನ ಪರವಾನಗಿ. ಉಪಕರಣದ ಮೈಮೇಲೆ ಅದರದೇ ಮಾನಕದ ಸಂಖ್ಯೆ ಬೇರೆಯಾಗಿ ಇರಬೇಕು.

ಪರವಾನಗಿ ಪಡೆದ ಉಪಕರಣವೂ ಮನೆಯ ಅರ್ಥಿಂಗ್ ಸರಿಯಿದೆ ಎಂಬ ಲೆಕ್ಕಾಚಾರದ ಮೇಲೆ ನಿಂತಿದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಚುಚ್ಚಿದರೆ, ಗೋಡೆಯ ಸಾಕೆಟ್ಟಿನ ಹಿಂದೆ ಅರ್ಥ್ ತಂತಿಯೇ ಇಲ್ಲದಿದ್ದರೆ, ಒಂದನೇ ವರ್ಗದ ಉಪಕರಣದ ಎರಡು ರಕ್ಷಣೆಗಳಲ್ಲಿ ಒಂದು ಮೊದಲ ದಿನವೇ ಹೋಯಿತು. 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನು ಮನೆಗೆ ಹಾಕಿಸುವುದು ಇಂಥ ಕಡೆ ಬಹಳ ದೊಡ್ಡ ಆಸರೆ.

ಗುರುತಿಲ್ಲದೆ ಮಾರಿದವರಿಗೆ 2016ರ ಕಾಯಿದೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಮೊದಲ ತಪ್ಪಿಗೆ ಕನಿಷ್ಠ ಎರಡು ಲಕ್ಷ ರೂಪಾಯಿ ಮತ್ತು ಆಮೇಲಿನ ತಪ್ಪುಗಳಿಗೆ ಕನಿಷ್ಠ ಐದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಮಾಡಿತು. ದಂಡವನ್ನು ಮಾಲಿನ ಬೆಲೆಯ ಹತ್ತು ಪಟ್ಟಿನವರೆಗೂ ಏರಿಸಲು ಅವಕಾಶವಿಟ್ಟಿತು. 2025ರಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳ ಗೋದಾಮುಗಳಲ್ಲಿ ಬಿಐಎಸ್ ಶೋಧ ನಡೆಸಿ ಗೀಸರ್, ಮಿಕ್ಸರ್‌ಗಳಂಥ ವಸ್ತುಗಳನ್ನು ವಶಪಡಿಸಿಕೊಂಡಿತು. ತಯಾರಕರು ಎಲ್ಲೋ ಇದ್ದಾರೆ, ತಾವು ಬರಿಯ ಮಾರಾಟದ ವೇದಿಕೆ ಎಂಬ ಮಾತು ಇಂಥ ಗೋದಾಮುಗಳಲ್ಲಿ ನಿಲ್ಲುವುದಿಲ್ಲ. ಗುರುತಿರುವ ಉಪಕರಣವೇ ಮಾನಕಕ್ಕೆ ತಕ್ಕಂತಿಲ್ಲ ಎಂದು ಕಂಡುಬಂದರೆ, ಮಾರಾಟ ನಿಲ್ಲಿಸಿ ಈಗಾಗಲೇ ಮಾರಿದ ಮಾಲನ್ನು ಹಿಂದಕ್ಕೆ ತರಿಸಿಕೊಳ್ಳುವಂತೆ ಬಿಐಎಸ್ ಆದೇಶಿಸಬಹುದು. ಅದರಿಂದ ತೊಂದರೆಗೊಳಗಾದ ಗ್ರಾಹಕರಿಗೆ ಪರಿಹಾರ ಕೊಡುವ ಹೊಣೆಯನ್ನೂ ಕಾಯಿದೆ ಪರವಾನಗಿದಾರರ ಮೇಲೆ ಹೊರಿಸಿದೆ. ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಾಗಲಿ ಬಿಐಎಸ್‌ನ ಶಾಖಾ ಕಚೇರಿಯಲ್ಲಾಗಲಿ ಕೊಡಬಹುದು. ಕೊಂಡ ಬಿಲ್ಲು ಜೋಪಾನವಾಗಿರಬೇಕು, ಶಾಕ್ ಹೊಡೆದ ಉಪಕರಣವನ್ನು ಬಿಚ್ಚದೆ, ರಿಪೇರಿ ಮಾಡಿಸದೆ, ಹೇಗಿತ್ತೋ ಹಾಗೆಯೇ ಎತ್ತಿಡಬೇಕು.